ವಡ್ಡಾರಾಧನೆಯನ್ನು ನಾಡಿನ ಕೈಗಿತ್ತ ಡಿ.ಎಲ್. ನರಸಿಂಹಾಚಾರ್: ಓಲೆಗರಿಗಳ ನಡುವೆ ಆರಂಭವಾದ ಬದುಕು

ಕನ್ನಡದಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ಗದ್ಯಕೃತಿ ವಡ್ಡಾರಾಧನೆ. ಅದು ಜೈನ ಮಹಾಪುರುಷರ ಕಥೆಗಳ ಸಂಕಲನ ಎಂಬುದು ಜೈನ ಮನೆತನಗಳಿಗೆಲ್ಲ ಹೆಮ್ಮೆಯ ಸಂಗತಿ. ಆದರೆ ಆ ಗ್ರಂಥವನ್ನು ಓಲೆಗರಿಗಳಿಂದ ಎತ್ತಿ, ಅಕ್ಷರ ಅಕ್ಷರವನ್ನೂ ತಾಳೆ ನೋಡಿ, 1949ರಲ್ಲಿ ಪುಸ್ತಕವಾಗಿ ನಾಡಿನ ಕೈಗಿತ್ತವರು ಜೈನರಲ್ಲ ಎಂಬುದು ಹೊಸ ತಲೆಮಾರಿನ ಅನೇಕರಿಗೆ ತಿಳಿದಿಲ್ಲ. ಶ್ರೀವೈಷ್ಣವ ಮನೆತನದಲ್ಲಿ ಹುಟ್ಟಿ, ತುಮಕೂರು ಸೀಮೆಯ ಪಾವಗಡ, ಶಿರಾ ಊರುಗಳ ಶಾಲೆಗಳಲ್ಲಿ ಓದಿ ಬೆಳೆದ ಡಿ.ಎಲ್. ನರಸಿಂಹಾಚಾರ್ ಅವರೇ ಆ ವಿದ್ವಾಂಸರು.

ಓದು ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳು ಇಂದು ಮನೆಮನೆಯಲ್ಲೂ ಇದ್ದಾರೆ. ಕೆಲಸ ಸಿಕ್ಕರೆ ಸಾಕು ಎನ್ನುವುದು ಹಿರಿಯರ ಮಾತು. ಮಾಡುವ ಕೆಲಸಕ್ಕೆ ಏನಾದರೂ ಅರ್ಥವಿರಬೇಕು ಎನ್ನುವುದು ಮಕ್ಕಳ ಮನಸ್ಸು. ಈ ಎರಡು ಮಾತುಗಳ ನಡುವೆ ಸಿಕ್ಕಿರುವ ಕುಟುಂಬಗಳು ನರಸಿಂಹಾಚಾರ್ಯರ ಬದುಕಿನ ಮೊದಲ ಇಪ್ಪತ್ತು ವರ್ಷಗಳನ್ನು ಒಮ್ಮೆ ಗಮನಿಸುವುದು ಒಳ್ಳೆಯದು.

ಬಾಲ್ಯ ಮತ್ತು ಓದು

ನರಸಿಂಹಾಚಾರ್ಯರು 1906ರ ಅಕ್ಟೋಬರ್ 27ರಂದು ಚಿಕ್ಕಬಳ್ಳಾಪುರದಲ್ಲಿ ಜನಿಸಿದರು. ತಂದೆ ಶಾಮಯ್ಯಂಗಾರ್, ತಾಯಿ ಲಕ್ಷ್ಮಮ್ಮ. ಹೆಸರಿನ ಮೊದಲಲ್ಲಿರುವ ಡಿ ಎಂಬ ಅಕ್ಷರ ಅವರ ಪೂರ್ವಿಕರ ಊರಾದ ದೊಡ್ಡಬೆಲೆಯನ್ನು ಸೂಚಿಸುತ್ತದೆ. ಬಾಲ್ಯದ ವಿದ್ಯಾಭ್ಯಾಸ ನಡೆದದ್ದು ಪಾವಗಡ, ಶಿರಾ ಕಡೆಯಲ್ಲಿ. ಮುಂದೆ ತುಮಕೂರಿನಲ್ಲಿ ಪ್ರೌಢಶಾಲೆ ಓದಿದರು.

ಆಗಿನ ಕಾಲಕ್ಕೆ ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ಯಾವ ಊರಿಗೂ ರೈಲು ಇರಲಿಲ್ಲ. ಮಳೆ ಕಡಿಮೆ, ಬರ ಹೆಚ್ಚು, ಕಲ್ಲುಗುಡ್ಡಗಳ ಸೀಮೆ. ಪಾವಗಡದಿಂದ ತುಮಕೂರಿಗೆ ಹೋಗುವ ದಾರಿ ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ಹಾದು ಕೊರಟಗೆರೆಯ ಮೂಲಕ ಸಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಬರಡು ನೆಲವೆಂದು ಕಂಡರೂ ಜೈನಧರ್ಮದ ಹೆಜ್ಜೆಗುರುತು ಇಲ್ಲಿ ಆಳವಾಗಿದೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದಲ್ಲಿ ಗಂಗೇಯನ ಮಾರೆಯನೆಂಬ ಅಧಿಕಾರಿ ಪಾರ್ಶ್ವನಾಥ ಬಸದಿ ಕಟ್ಟಿಸಿದ್ದನ್ನು 13ನೇ ಶತಮಾನದ ಶಾಸನ ತಿಳಿಸುತ್ತದೆ. ಮಧುಗಿರಿಯಲ್ಲಿ ಮಲ್ಲಿನಾಥ ಬಸದಿ ಇಂದಿಗೂ ಇದೆ. ಮುಂದೆ ಜೈನ ಗ್ರಂಥಗಳಲ್ಲೇ ಬದುಕು ಸವೆಸಲಿದ್ದ ಹುಡುಗ ಓದಿ ಬೆಳೆದದ್ದು ಇಂಥ ನೆಲದಲ್ಲಿ.

ಹೆಚ್ಚಿನ ಓದಿಗೆ ಅವರು ಮೈಸೂರಿಗೆ ಹೋಗಿ ಮಹಾರಾಜಾ ಕಾಲೇಜು ಸೇರಿದರು. 1927ರಲ್ಲಿ ಬಿ.ಎ. ಮುಗಿಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು ಅದೇ ಸಮಯಕ್ಕೆ. ಕನ್ನಡ ಓದಿದರೆ ಹೊಟ್ಟೆಗೆ ಏನು ಸಿಗುತ್ತದೆ ಎಂದು ಜನ ಕೇಳುತ್ತಿದ್ದ ಕಾಲವದು. ಇಂಗ್ಲಿಷ್, ವಿಜ್ಞಾನ, ಕಾನೂನು ಓದಿದವರಿಗೆ ಸರ್ಕಾರಿ ಕಚೇರಿಗಳ ಬಾಗಿಲು ತೆರೆದಿರುತ್ತಿತ್ತು. ಕನ್ನಡ ಓದಿದವರಿಗೆ ಇದ್ದ ಹುದ್ದೆಗಳು ಬೆರಳೆಣಿಕೆಯಷ್ಟು. ಆದರೂ ನರಸಿಂಹಾಚಾರ್ಯರು ಆ ಮೊದಲ ತಂಡದಲ್ಲಿ ಸೇರಿದರು. ಅದೇ ತಂಡದಲ್ಲಿದ್ದ ಇನ್ನೊಬ್ಬರು ಕುವೆಂಪು. ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ, ಎ.ಆರ್. ಕೃಷ್ಣಶಾಸ್ತ್ರಿಗಳಂಥವರು ಆ ಕಾಲದ ಗುರುಗಳು. ವೆಂಕಣ್ಣಯ್ಯನವರ ಊರು ಚಳ್ಳಕೆರೆ ಬಳಿಯ ತಳುಕು. ಅದು ಪಾವಗಡದ ನೆರೆಯ ಸೀಮೆಯೇ ಆಯಿತು.

ಓಲೆಗರಿಯ ಕೋಣೆಯಲ್ಲಿ ಮೊದಲ ಕೆಲಸ

1929ರಲ್ಲಿ ಎಂ.ಎ. ಮುಗಿಯಿತು. ಪ್ರಪಂಚದಾದ್ಯಂತ ಆರ್ಥಿಕ ಮುಗ್ಗಟ್ಟು ಆರಂಭವಾದ ವರ್ಷವೂ ಅದೇ. ಧಾರಣೆ ಬಿದ್ದು ವ್ಯಾಪಾರ ನಿಂತು ಎಲ್ಲ ಕಡೆ ಕೆಲಸಕ್ಕೆ ಬರ ಬಂದಿತ್ತು. ಸಹಪಾಠಿ ಕುವೆಂಪು ಆ ವರ್ಷವೇ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. ನರಸಿಂಹಾಚಾರ್ಯರ ದಾರಿ ಬೇರೆಯಾಯಿತು. ಅವರು ಮೂವತ್ತರ ದಶಕದ ಆರಂಭದಲ್ಲಿ ಸೇರಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಗೆ, ಕನ್ನಡ ಪಂಡಿತರಾಗಿ.

ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂದು ಹೆಸರಾದ ಈ ಸಂಸ್ಥೆ ಸ್ಥಾಪನೆಯಾದದ್ದು 1891ರಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಇಲ್ಲಿಯೇ. ಆದರೆ ಅಂಥ ಕೀರ್ತಿ ಬರುವುದು ನೂರರಲ್ಲಿ ಒಂದು ಓಲೆಕಟ್ಟಿನಿಂದ. ಉಳಿದಂತೆ ಅಲ್ಲಿನ ಪಂಡಿತರ ದಿನಚರಿ ಎಂದರೆ ಧೂಳು ಹಿಡಿದ ಕಟ್ಟು ಬಿಚ್ಚುವುದು, ಗರಿಗಳನ್ನು ಎಣಿಸುವುದು, ಹುಳು ತಿಂದ ಜಾಗ ಗುರುತು ಹಾಕುವುದು, ಓದುವುದು, ನಕಲು ತೆಗೆಯುವುದು, ಇನ್ನೊಂದು ಪ್ರತಿಯೊಂದಿಗೆ ಹೋಲಿಸುವುದು. ಎದುರಿಗೆ ವಿದ್ಯಾರ್ಥಿಗಳಿಲ್ಲ, ಸಭೆಯಿಲ್ಲ, ಚಪ್ಪಾಳೆಯಿಲ್ಲ. ಕಾಲೇಜಿನ ಅಧ್ಯಾಪಕರಿಗೆ ಇದ್ದ ಮನ್ನಣೆ ಪಂಡಿತರ ಹುದ್ದೆಗೆ ಇರಲಿಲ್ಲ.

ಆ ಕೆಲಸ ಎಷ್ಟು ಕಷ್ಟದ್ದು ಎಂಬುದು ಓಲೆಗರಿ ಓದಲು ಪ್ರಯತ್ನಿಸಿದವರಿಗೆ ಮಾತ್ರ ಗೊತ್ತು. ಓಲೆಯ ಮೇಲೆ ಕಂಠದಿಂದ ಕೊರೆದು, ಕಪ್ಪು ಮಸಿ ಉಜ್ಜಿದ ಮೇಲೆ ಅಕ್ಷರ ಎದ್ದು ಕಾಣುತ್ತದೆ. ಪದ ಮುಗಿದ ಕಡೆ ಜಾಗ ಬಿಡುವ ಪದ್ಧತಿ ಇಲ್ಲ. ವಾಕ್ಯ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಇಂದಿನಂಥ ಗುರುತುಗಳಿಲ್ಲ. ಎ ಮತ್ತು ಏ, ಒ ಮತ್ತು ಓ ಸ್ವರಗಳಿಗೆ ಬೇರೆ ಬೇರೆ ರೂಪವಿಲ್ಲ. ಪ ಎಂದು ಬರೆದದ್ದು ವ ಎಂದು ಕಾಣಬಹುದು. ಬರೆದವನು ಗ್ರಂಥಕರ್ತನಲ್ಲ, ನೂರಾರು ವರ್ಷಗಳ ನಂತರದ ನಕಲುಗಾರ. ಅವನ ಕಣ್ಣು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಜಾರಿದ್ದರೆ ನಡುವಿನ ಮಾತು ಬಿಟ್ಟೇ ಹೋಗಿರುತ್ತದೆ. ತನಗೆ ಅರ್ಥವಾಗದ ಹಳೆಯ ಪದವನ್ನು ಅವನು ತನಗೆ ತಿಳಿದ ಪದಕ್ಕೆ ಬದಲಾಯಿಸಿರುವುದೂ ಉಂಟು.

ಅಂಗಡಿಯ ಕಿರ್ದಿಯಲ್ಲಿ ಒಂದು ರೂಪಾಯಿ ತಪ್ಪಿದರೆ ಲೆಕ್ಕ ಬರೆಯುವವರು ಮೊದಲ ಪುಟದಿಂದ ಮತ್ತೆ ತಾಳೆ ನೋಡಬೇಕಾಗುತ್ತದೆ. ಗ್ರಂಥ ಸಂಪಾದನೆಯೂ ಹಾಗೆಯೇ. ಒಂದು ಅಕ್ಷರ ಅನುಮಾನ ಬಂದರೆ ಇರುವ ಎಲ್ಲ ಪ್ರತಿಗಳಲ್ಲೂ ಅದೇ ಜಾಗ ಹುಡುಕಬೇಕು, ಅದೇ ಪದ ಬೇರೆ ಗ್ರಂಥಗಳಲ್ಲಿ ಎಲ್ಲಿ ಬಂದಿದೆ ಎಂದು ನೋಡಬೇಕು, ಶಾಸನಗಳನ್ನು ನೋಡಬೇಕು, ವ್ಯಾಕರಣ ನೋಡಬೇಕು. ಒಂದು ಪದಕ್ಕೆ ಕೆಲವು ಸಲ ಒಂದು ವಾರ ಹಿಡಿದರೂ ಆಶ್ಚರ್ಯವಿಲ್ಲ.

ಎಂ.ಎ. ಮಾಡಿದ ಯುವಕನೊಬ್ಬ ಇದನ್ನು ಮುಂದಿನ ಹುದ್ದೆ ಸಿಗುವ ತನಕದ ತಂಗುದಾಣವೆಂದು ತಿಳಿದು ದಿನ ನೂಕಬಹುದಾಗಿತ್ತು. ನರಸಿಂಹಾಚಾರ್ಯರು ಹಾಗೆ ಮಾಡಲಿಲ್ಲ. ಈ ಕೋಣೆಯಲ್ಲಿ ಕಲಿತ ವಿದ್ಯೆಯೇ ಅವರ ಇಡೀ ಬದುಕಿನ ವಿದ್ಯೆಯಾಯಿತು.

ವಡ್ಡಾರಾಧನೆಯ ಬೆನ್ನು ಹಿಡಿದು

ಆ ದಿನಗಳಲ್ಲಿ ವಡ್ಡಾರಾಧನೆ ಎಂಬ ಹೆಸರು ಕೆಲವೇ ವಿದ್ವಾಂಸರಿಗೆ ತಿಳಿದಿತ್ತು. ಮೂವತ್ತರ ದಶಕದ ಆರಂಭದಲ್ಲೇ ನರಸಿಂಹಾಚಾರ್ಯರು ಈ ಕೃತಿಯ ಬಗ್ಗೆ ಲೇಖನ ಬರೆದು ಅದರ ಹಳಮೆ, ಭಾಷೆ ಮತ್ತು ಕಥೆಗಳ ಕಡೆಗೆ ಗಮನ ಸೆಳೆದರು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸಿನ ವಯಸ್ಸು.

ವಡ್ಡಾರಾಧನೆಯಲ್ಲಿ ಇರುವುದು 19 ಕಥೆಗಳು. ಪ್ರಾಕೃತದ ಭಗವತೀ ಆರಾಧನೆಯ ಗಾಹೆಗಳನ್ನು ಆಧಾರವಾಗಿ ಇಟ್ಟುಕೊಂಡು, ಉಪಸರ್ಗಗಳನ್ನೂ ಪರೀಷಹಗಳನ್ನೂ ಸಮತಾಭಾವದಿಂದ ಸಹಿಸಿ ಆರಾಧನೆಯನ್ನು ಪೂರ್ಣಗೊಳಿಸಿದ ಮಹಾಪುರುಷರನ್ನು ಅದು ವರ್ಣಿಸುತ್ತದೆ. ಕೃತಿಯನ್ನು ಶಿವಕೋಟ್ಯಾಚಾರ್ಯರದೆಂದು ಹೇಳುವ ರೂಢಿ ಬಂದಿದೆ. ಕರ್ತೃ ಯಾರು, ಕೃತಿಯ ನಿಜವಾದ ಹೆಸರು ಯಾವುದು, ಕಾಲ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಹತ್ತನೇ ಶತಮಾನದ ಆದಿಭಾಗದ್ದೆಂಬುದು ಬಹುಕಾಲದಿಂದ ಪ್ರಚಾರದಲ್ಲಿರುವ ಅಭಿಪ್ರಾಯ.

ಮೊದಲ ಕಥೆ ಸುಕುಮಾರಸ್ವಾಮಿಯದು. ಉಜ್ಜಯಿನಿಯ ಸಿರಿವಂತ ವರ್ತಕರ ಮನೆಯ ಮಗ. ಹಾಸಿಗೆಯ ಮೇಲೆ ಒಂದು ಸಾಸಿವೆ ಕಾಳು ಇದ್ದರೂ ಮೈ ನೋಯುವಷ್ಟು ಸುಖದಲ್ಲಿ ಬೆಳೆದವನು. ಮಗ ಮುನಿಯಾಗಿಬಿಡುತ್ತಾನೆ ಎಂಬ ಭಯದಿಂದ ತಾಯಿ ಯಶೋಭದ್ರೆ ಅವನಿಗೆ ಹೊರಗಿನ ಪ್ರಪಂಚವೇ ಕಾಣದಂತೆ ಕಾಪಾಡುತ್ತಾಳೆ. ಕೊನೆಗೆ ಆ ಕೋಮಲ ದೇಹದವನೇ ದೀಕ್ಷೆ ಪಡೆದು, ನರಿಯೊಂದು ಮರಿಗಳೊಡನೆ ಬಂದು ತನ್ನ ದೇಹವನ್ನು ತಿನ್ನುತ್ತಿದ್ದರೂ ಧ್ಯಾನದಿಂದ ಕದಲುವುದಿಲ್ಲ. ಭದ್ರಬಾಹು ಭಟಾರರ ಕಥೆಯಲ್ಲಿ ಹನ್ನೆರಡು ವರ್ಷದ ಬರಗಾಲ, ಮುನಿಸಂಘ ದಕ್ಷಿಣಕ್ಕೆ ಬಂದದ್ದು, ಚಂದ್ರಗುಪ್ತನ ಗುರುಸೇವೆ ಇವೆಲ್ಲ ಬರುತ್ತವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತುವಾಗ ಹಿರಿಯರು ಮಕ್ಕಳಿಗೆ ಹೇಳುವ ಕಥೆ ಇದೇ.

ಇವೆಲ್ಲ ಒಂದೇ ಜಾಗದಲ್ಲಿ ಶುದ್ಧವಾಗಿ ಸಿಗುವಂತೆ ಇರಲಿಲ್ಲ. ಪ್ರತಿಗಳು ಬೇರೆ ಬೇರೆ ಊರುಗಳಲ್ಲಿ ಹಂಚಿಹೋಗಿದ್ದವು. ಕೊಲ್ಹಾಪುರದ ಜೈನ ಮಠದಲ್ಲಿಯೂ ಒಂದು ಹಳೆಯ ಓಲೆಪ್ರತಿ ಇತ್ತು. ಒಂದರಲ್ಲಿ ಇದ್ದ ಸಾಲು ಇನ್ನೊಂದರಲ್ಲಿ ಇಲ್ಲ, ಒಂದರಲ್ಲಿ ಹಳೆಯ ರೂಪ, ಇನ್ನೊಂದರಲ್ಲಿ ತಿದ್ದಿದ ರೂಪ. ಜೊತೆಗೆ ಜೈನ ಪಾರಿಭಾಷಿಕ ಪದಗಳು, ಪ್ರಾಕೃತ ಗಾಹೆಗಳು, ವ್ರತಗಳ ವಿವರ, ಕರ್ಮಸಿದ್ಧಾಂತ. ಜೈನ ಮನೆಯಲ್ಲಿ ಹುಟ್ಟಿ ಬೆಳೆದವರಿಗೂ ಕಷ್ಟವೆನಿಸುವ ಇವನ್ನು ಆಚಾರ್ಯರು ಗ್ರಂಥಗಳಿಂದ ಕಲಿತರು. ತಿಳಿಯದ್ದನ್ನು ತಿಳಿದವರಂತೆ ಬರೆಯುವ ಅಭ್ಯಾಸ ಅವರಲ್ಲಿ ಇರಲಿಲ್ಲ. ಹೀಗಾಗಿ ಕೆಲಸ ನಿಧಾನವಾಯಿತು.

ಮೊದಲ ಲೇಖನದಿಂದ ಪುಸ್ತಕ ಹೊರಬರುವ ತನಕ ಸುಮಾರು ಹದಿನೆಂಟು ವರ್ಷ ಕಳೆಯಿತು. ಆ ನಡುವೆ ಎರಡನೇ ಮಹಾಯುದ್ಧ ಬಂದು ಹೋಯಿತು, ದೇಶಕ್ಕೆ ಸ್ವಾತಂತ್ರ್ಯ ಬಂತು. ಅವರು ಲೈಬ್ರರಿಯಿಂದ ಮಹಾರಾಜಾ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಹುದ್ದೆ ಬದಲಾದರೂ ಓಲೆಗರಿಯ ಕೆಲಸ ಬಿಡಲಿಲ್ಲ. 1949ರಲ್ಲಿ ವಡ್ಡಾರಾಧನೆ ಪ್ರಕಟವಾದಾಗ ಅವರಿಗೆ 42 ವರ್ಷ ತುಂಬಿತ್ತು. ಆ ಮೇಲೆ ಬಂದ ವಿದ್ಯಾರ್ಥಿಗಳು, ಸಂಶೋಧಕರು, ಹೊಸಗನ್ನಡಕ್ಕೆ ಅನುವಾದಿಸಿದವರು ಅವರ ಪಾಠಕ್ಕೆ ಋಣಿಗಳು.

ಅದೇ ವರ್ಷ ಹುಟ್ಟಿದ ಇನ್ನೊಬ್ಬರು

ಕಾಕತಾಳೀಯವೆಂಬಂತೆ, ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜೈನ ಮನೆತನದಲ್ಲಿ ಡಾ. ಆ.ನೇ. ಉಪಾಧ್ಯೆ ಹುಟ್ಟಿದ್ದೂ 1906ರಲ್ಲೇ. ಅವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುವ ಕೆಲಸಕ್ಕೆ ಸೇರಿ, ಪ್ರಾಕೃತ ಗ್ರಂಥಗಳ ಸಂಪಾದನೆಯಲ್ಲಿ ಜಗತ್ತಿನ ವಿದ್ವಾಂಸರ ಗೌರವ ಗಳಿಸಿದರು. 1943ರಲ್ಲಿ ಹರಿಷೇಣನ ಬೃಹತ್ಕಥಾಕೋಶವನ್ನು ಸಂಪಾದಿಸಿದಾಗ ಅದರ ವಿಸ್ತಾರವಾದ ಪ್ರಸ್ತಾವನೆಯಲ್ಲಿ ವಡ್ಡಾರಾಧನೆಯನ್ನೂ ಚರ್ಚಿಸಿದರು. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಧವಲಾ ಗ್ರಂಥದ ಮೊದಲ ಸಂಪುಟ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾದದ್ದು 1939ರಲ್ಲಿ. ಮೈಸೂರು, ಕೊಲ್ಹಾಪುರ, ಅಮರಾವತಿ ಹೀಗೆ ದೂರ ದೂರದ ಊರುಗಳಲ್ಲಿ ಕುಳಿತ ಕೆಲವೇ ಜನರ ದುಡಿಮೆಯಿಂದ ಜೈನ ವಾಙ್ಮಯ ಆ ದಶಕಗಳಲ್ಲಿ ಬೆಳಕು ಕಂಡಿತು.

ಇಬ್ಬರಿಗೂ ಕನ್ನಡ ನಾಡು ಒಂದೇ ಬಗೆಯ ಗೌರವ ಕೊಟ್ಟಿತು. 1960ರಲ್ಲಿ ಬೀದರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನರಸಿಂಹಾಚಾರ್ಯರು ಅಧ್ಯಕ್ಷರಾದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಸಮ್ಮೇಳನಕ್ಕೆ ಉಪಾಧ್ಯೆಯವರು ಅಧ್ಯಕ್ಷರಾದರು.

ಜೈನ ಕೃತಿಗಳಿಗೆ ಸಲ್ಲಿಸಿದ ಇತರ ಸೇವೆ

ನರಸಿಂಹಾಚಾರ್ಯರ ಜೈನ ಸಾಹಿತ್ಯ ಸೇವೆ ವಡ್ಡಾರಾಧನೆಗೆ ಮುಗಿಯಲಿಲ್ಲ. ಸುಕುಮಾರಸ್ವಾಮಿಯ ಕಥೆಯನ್ನೇ ಚಂಪೂ ಕಾವ್ಯವಾಗಿ ಬರೆದ 11ನೇ ಶತಮಾನದ ಶಾಂತಿನಾಥ ಕವಿಯ ಸುಕುಮಾರ ಚರಿತವನ್ನು ಟಿ.ಎಸ್. ಶಾಮರಾಯರ ಜೊತೆ ಸೇರಿ ಸಂಪಾದಿಸಿದರು. ನಾಗಚಂದ್ರನ ರಾಮಾಯಣವನ್ನು ವಿದ್ಯಾರ್ಥಿಗಳಿಗೆ ನಿಲುಕುವಂತೆ ಪಂಪರಾಮಾಯಣ ಸಂಗ್ರಹ ಸಿದ್ಧಪಡಿಸಿದರು. ಜೈನ ವೈಯಾಕರಣ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. ಆದಿಕವಿ ಪಂಪನ ವಿಕ್ರಮಾರ್ಜುನ ವಿಜಯಕ್ಕೆ ಅವರು ಬರೆದ ಪಂಪಭಾರತ ದೀಪಿಕೆ, ಆ ಕಾವ್ಯ ಓದುವವರು ಇಂದಿಗೂ ಪಕ್ಕದಲ್ಲಿ ಇಟ್ಟುಕೊಳ್ಳುವ ಗ್ರಂಥ.

ಲೈಬ್ರರಿಯ ದಿನಗಳಿಂದ ಕಲಿತದ್ದನ್ನೆಲ್ಲ ಕ್ರಮವಾಗಿ ಜೋಡಿಸಿ ಅವರು ಕನ್ನಡ ಗ್ರಂಥ ಸಂಪಾದನೆ ಎಂಬ ಪುಸ್ತಕ ಬರೆದರು. ಹಸ್ತಪ್ರತಿಗಳನ್ನು ಹೇಗೆ ಹುಡುಕಬೇಕು, ಹೇಗೆ ಹೋಲಿಸಬೇಕು, ತಪ್ಪುಗಳು ಹೇಗೆ ಹುಟ್ಟುತ್ತವೆ, ಸಂಪಾದಕನ ಮಿತಿ ಎಲ್ಲಿಗೆ ನಿಲ್ಲಬೇಕು ಎಂಬುದನ್ನು ಶಾಸ್ತ್ರವಾಗಿ ತಿಳಿಸುವ ಕನ್ನಡ ಗ್ರಂಥಗಳಲ್ಲಿ ಅದಕ್ಕೆ ಮೊದಲ ಸ್ಥಾನ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಿನ ಸಂಪಾದಕ ಸಮಿತಿಯಲ್ಲೂ ದುಡಿದರು.

ಅಧ್ಯಾಪಕರಾಗಿ ಅವರು ಬೆಳೆಸಿದ ಶಿಷ್ಯರ ಸಂಖ್ಯೆ ದೊಡ್ಡದು. ಎಂ. ಚಿದಾನಂದಮೂರ್ತಿ, ಟಿ.ವಿ. ವೆಂಕಟಾಚಲಶಾಸ್ತ್ರಿಗಳಂಥ ವಿದ್ವಾಂಸರು ಆ ಪರಂಪರೆಯವರು. ಆಧಾರವಿಲ್ಲದೆ ಒಂದು ಮಾತನ್ನೂ ಆಡಬಾರದು, ಬರೆಯಬಾರದು ಎಂಬ ಶಿಸ್ತನ್ನು ಶಿಷ್ಯರು ಅವರಿಂದ ಪಡೆದರು. ಬರೆದದ್ದಕ್ಕಿಂತ ಓದಿದ್ದೇ ಬಹಳ ಹೆಚ್ಚು ಎನ್ನುವಂಥ ವಿದ್ವತ್ತು ಅವರದು. ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಿ.ಲಿಟ್. ಪದವಿ ನೀಡಿತು. 1971ರ ಮೇ 7ರಂದು ನರಸಿಂಹಾಚಾರ್ಯರು ತೀರಿಕೊಂಡರು.

ಇಂದಿನ ಮನೆಗಳಿಗೆ ಈ ಬದುಕು ಹೇಳುವುದು

ಮೊದಲ ಕೆಲಸವೇ ಮನಸ್ಸಿಗೆ ಒಪ್ಪುವಂತಿರಬೇಕು ಎಂದು ಬಯಸುವುದರಲ್ಲಿ ತಪ್ಪಿಲ್ಲ. ನರಸಿಂಹಾಚಾರ್ಯರೂ ಇಷ್ಟಪಟ್ಟ ವಿಷಯವನ್ನೇ ಓದಿದರು. ಆದರೆ ಓದಿಗೆ ತಕ್ಕ ಹುದ್ದೆ ಅದೇ ವರ್ಷ ಕಾಲೇಜಿನಲ್ಲಿ ಕಾದಿರಲಿಲ್ಲ. ಸಿಕ್ಕಿದ್ದು ಓಲೆಗರಿಯ ಕೋಣೆ. ಅಲ್ಲಿ ಕೂತು ಅವರು ಒಂದೊಂದು ಅಕ್ಷರಕ್ಕೂ ನ್ಯಾಯ ಸಲ್ಲಿಸಿದ್ದರಿಂದ ಆ ಸಣ್ಣ ಹುದ್ದೆಯೇ ದೊಡ್ಡದಾಯಿತು. ಕೆಲಸಕ್ಕೆ ಅರ್ಥ ಸೇರಿದ ದಿನದಂದೇ ಬರಲಿಲ್ಲ, ದುಡಿಯುತ್ತಾ ದುಡಿಯುತ್ತಾ ಬಂತು.

ಮಗ ಅಥವಾ ಮಗಳು ಸಂಬಳ ಕಡಿಮೆ ಇರುವ, ಹೆಸರಿಲ್ಲದ ಕೆಲಸಕ್ಕೆ ಸೇರಿದಾಗ ನಂಟರಿಷ್ಟರು ಕೇಳುವ ಪ್ರಶ್ನೆಗಳು ಅನೇಕ. ಅಂಥ ಸಮಯದಲ್ಲಿ ಹಿರಿಯರು ಅವಸರ ಮಾಡದೆ, ಆ ಕೆಲಸದಲ್ಲಿ ಕಲಿಯಲು ಏನಿದೆ ಎಂದು ಕೇಳಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ. ಏನೂ ಕಲಿಯಲು ಇಲ್ಲದ ಕಡೆ ಉಳಿಯಬೇಕೆಂದು ಯಾರೂ ಹೇಳುವುದಿಲ್ಲ. ಕಲಿಯಲು ಇದ್ದರೆ ಮಾತ್ರ ಎರಡು ಮೂರು ವರ್ಷ ಗಟ್ಟಿಯಾಗಿ ಕೂರುವುದು ನಷ್ಟವಲ್ಲ.

ಇನ್ನೊಂದು ಮಾತೂ ಇದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದನ್ನು ಸಮಾಜ ಇಂದಿಗೂ ಶಾಸ್ತ್ರದಾನಕ್ಕೆ ಮಾದರಿಯಾಗಿ ನೆನೆಯುತ್ತದೆ. ಆದರೂ ಹಲವು ಬಸದಿಗಳಲ್ಲಿ, ಹಳೆಯ ಮನೆಗಳ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಓಲೆಕಟ್ಟುಗಳು ಇನ್ನೂ ಓದುವವರಿಲ್ಲದೆ ಬಿದ್ದಿವೆ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಅವನ್ನು ಇಳಿಸಿ, ಅರಿಸಿನ ಕುಂಕುಮ ಹಚ್ಚಿ, ಪೂಜಿಸಿ ಮತ್ತೆ ಮೇಲಿಡುವ ಮನೆಗಳಿವೆ. ಓಲೆಗೆ ಅರಿಸಿನ ನೀರು ತಾಗಿದರೆ ಕೆಡುತ್ತದೆ, ಆದ್ದರಿಂದ ಪೂಜೆಯನ್ನು ಮೇಲಿನ ಬಟ್ಟೆಗೆ ಸಲ್ಲಿಸುವುದು ಕ್ಷೇಮ. ಕಟ್ಟು ಬಿಚ್ಚಿ ಒಂದೇ ಒಂದು ಸಲ ತಿಳಿದವರಿಗೆ ತೋರಿಸಿದರೆ ಇನ್ನೂ ಒಳ್ಳೆಯದು. ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆ, ಮೂಡುಬಿದಿರೆಯ ರಮಾರಾಣಿ ಜೈನ ಶೋಧ ಸಂಸ್ಥಾನ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಮತ್ತು ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಂಥ ಕಡೆಗಳಲ್ಲಿ ಓಲೆಗ್ರಂಥಗಳ ಸಂಗ್ರಹವಿದೆ, ವಿಚಾರಿಸಿದರೆ ಮಾರ್ಗದರ್ಶನ ಸಿಗುತ್ತದೆ.

ಹಳಗನ್ನಡ ಮತ್ತು ಪ್ರಾಕೃತ ಓದಬಲ್ಲ ಯುವಜನರು ಇಂದು ಬಹಳ ಕಡಿಮೆ. ಕಲಿಯಲು ಮುಂದೆ ಬಂದವರಿಗೆ ಬಸದಿ ಟ್ರಸ್ಟುಗಳೂ ಸಮಾಜದ ಸಂಘಗಳೂ ಒಂದೆರಡು ವರ್ಷದ ವಿದ್ಯಾರ್ಥಿವೇತನ ಕೊಟ್ಟರೆ ಅದು ದೊಡ್ಡ ಖರ್ಚಲ್ಲ. ಪಾವಗಡ, ಶಿರಾದ ಶಾಲೆಗಳಲ್ಲಿ ಓದಿ ಹೋದ ಜೈನೇತರ ಹುಡುಗನೊಬ್ಬ ಜೈನರ ಹಳೆಯ ಗ್ರಂಥವನ್ನು ಹದಿನೆಂಟು ವರ್ಷ ದುಡಿದು ಉಳಿಸಿಕೊಟ್ಟರು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇನ್ನೊಂದು ಸುಕುಮಾರಸ್ವಾಮಿಯ ಕಥೆ ಇದೆಯೋ, ಬರಿಯ ಹಳೆಯ ಲೆಕ್ಕವಿದೆಯೋ ಎಂಬುದು ಕಟ್ಟು ಬಿಚ್ಚಿ ಓದಿದವರಿಗೆ ಮಾತ್ರ ಗೊತ್ತಾಗುತ್ತದೆ.